ಡಬ್ಬದ ಮೇಲಿನ ಬೆಲೆ, ಮನೆಯೊಳಗಿನ ಲೆಕ್ಕ

(ಹಾಸನದ ಕಾಲೇಜೊಂದರಲ್ಲಿ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನಾನು ಮೇಷ್ಟ್ರಲ್ಲ, ಅಂಗಡಿಯವನು. ಇಲ್ಲೇ ಬಿ.ಎಂ. ರಸ್ತೆ ಪಕ್ಕದ ಒಂದು ಸಂದಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತೇನೆ. ಕೇಳಿದವರಿಗೆ ಹೊಸದನ್ನು ಜೋಡಿಸಿಯೂ ಕೊಡುತ್ತೇನೆ. ನಿಮ್ಮಲ್ಲಿ ಕೆಲವರ ಲ್ಯಾಪ್‌ಟಾಪ್ ಈಗಲೂ ನನ್ನ ಶೆಲ್ಫಿನಲ್ಲಿದೆ. ದುಡ್ಡು ಕೊಟ್ಟು ಬಿಡಿಸಿಕೊಂಡು ಹೋಗಿ, ಜಾಗ ಸಾಲುತ್ತಿಲ್ಲ.

ಆಟ ಆಡಲು ಪಿಸಿಯೋ, ಟೀವಿಗೆ ಸಿಕ್ಕಿಸಿ ಆಡುವ ಕನ್ಸೋಲೋ ಅನ್ನುವುದರ ಬಗ್ಗೆ ಮಾತಾಡಿ ಅಂತ ಕರೆದಾಗ ನನಗೆ ನೆನಪಾಗಿದ್ದು 2025ರ ಜೂನ್ ತಿಂಗಳ ಒಂದು ಸಂಜೆ. ಮಳೆ ಹೊಯ್ಯುತ್ತಿತ್ತು. ಸಕಲೇಶಪುರದ ಕಡೆ ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಆಗಿರುವ ಒಬ್ಬರು ಮಗನನ್ನು ಕರೆದುಕೊಂಡು ಅಂಗಡಿಗೆ ಬಂದರು. ಮಗ ಆಗಷ್ಟೇ ಪಿಯುಸಿ ಮುಗಿಸಿದ್ದ. ಅವನ ಮೊಬೈಲಿನಲ್ಲಿ ಎರಡು ಚಿತ್ರ. ಒಂದು ಸೋನಿಯ ಕನ್ಸೋಲ್ ಪ್ಲೇಸ್ಟೇಷನ್ 5, ಇನ್ನೊಂದು ಗಣಪತಿ ಪೆಂಡಾಲಿನ ಹಾಗೆ ಬಣ್ಣದ ದೀಪ ಉರಿಯುವ ಪಿಸಿ. ಅಪ್ಪ ಛತ್ರಿ ಮಡಚಿ ಮೂಲೆಗಿಟ್ಟು ಒಂದೇ ಪ್ರಶ್ನೆ ಕೇಳಿದರು. "ಸ್ವಾಮಿ, ಇವೆರಡರಲ್ಲಿ ಓದೋಕೆ ಬರೋದು ಯಾವುದು?"

ಮಗ ನನ್ನನ್ನೇ ನೋಡುತ್ತಿದ್ದ. "ಅಣ್ಣಾ, ಏನಾದ್ರೂ ಮಾಡಿ ಒಪ್ಪಿಸಿ" ಅನ್ನುವ ನೋಟ.

ನಾನು ಪಿಸಿ ಅಂದೆ. ಆವತ್ತಿನ ಕೊಟೇಷನ್‌ನ ಕಾರ್ಬನ್ ಪ್ರತಿ ತಂದಿದ್ದೇನೆ, ಓದುತ್ತೇನೆ ಕೇಳಿ. ರೈಝನ್ 5 5600 ಪ್ರೊಸೆಸರ್ 9,500. ಬೋರ್ಡ್ 8,500. 16 ಜಿಬಿ ರ್‍ಯಾಮ್ 3,500. ಒಂದು ಟಿಬಿ ಎಸ್‌ಎಸ್‌ಡಿ 5,000. ಆರ್‌ಟಿಎಕ್ಸ್ 4060 ಗ್ರಾಫಿಕ್ಸ್ ಕಾರ್ಡ್ 27,500. ಎಸ್‌ಎಂಪಿಎಸ್, ಅಂದರೆ ಒಳಗೆ ಕರೆಂಟ್ ಒದಗಿಸುವ ಡಬ್ಬಿ, 4,500. ಕ್ಯಾಬಿನೆಟ್ 4,000. ಒಟ್ಟು 62,500. ಮಗನ ಮುಖ ಅರಳಿತು. ಅಪ್ಪ ಮಾತ್ರ ಚೀಟಿಯನ್ನು ಎರಡು ಸಲ ಓದಿ, "ಇದರಲ್ಲಿ ಟೀವಿ ಥರದ್ದು ಕಾಣಿಸ್ತಿಲ್ವಲ್ಲ?" ಅಂದರು. ಲೆಕ್ಕ ಬರೆದು ಬದುಕುವವರ ಕಣ್ಣು ಅದು. ಮಾನಿಟರ್, ಕೀಬೋರ್ಡ್, ಮೌಸ್, ಯುಪಿಎಸ್ ಸೇರಿಸಿದೆ. ಇನ್ನೊಂದು 17,500. ಅಲ್ಲಿಗೆ 80,000. ಅದೇ ಹೊತ್ತಿಗೆ ಡಿಸ್ಕ್ ಹಾಕುವ ಪ್ಲೇಸ್ಟೇಷನ್ 5ರ ಬೆಲೆ 54,990.

ಪಿಸಿಯಲ್ಲಿ ಓದಬಹುದು, ಪ್ರಾಜೆಕ್ಟ್ ಮಾಡಬಹುದು, ಆಟಾನೂ ಆಡಬಹುದು ಅಂತ ಹೇಳಿ ಮಾರಿಬಿಟ್ಟೆ. ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೂ ಉತ್ತರ ತಪ್ಪಿತ್ತು. ಯಾಕೆ ತಪ್ಪಿತ್ತು ಅನ್ನುವುದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಈ ಎರಡು ಡಬ್ಬಗಳ ಒಳಗೆ ಏನಿದೆ ನೋಡೋಣ. ತುಂಬ ಜನ ಇವನ್ನು ಎತ್ತು ಮತ್ತು ಟ್ರ್ಯಾಕ್ಟರ್ ಅಂತ ತಿಳಿದಿದ್ದಾರೆ. ಹಾಗೇನಿಲ್ಲ. 2006ರಲ್ಲಿ ಬಂದ ಪ್ಲೇಸ್ಟೇಷನ್ 3ರಲ್ಲಿ ಸೆಲ್ ಅನ್ನುವ ಬೇರೆಯೇ ಜಾತಿಯ ಪ್ರೊಸೆಸರ್ ಇತ್ತು. ಅದಕ್ಕೆ ಆಟ ಬರೆಯುವುದು ಹೊಸ ಲಿಪಿ ಕಲಿತ ಹಾಗೆ ಅಂತ ಬರೆಯುವವರೇ ಗೊಣಗುತ್ತಿದ್ದರು. 2013ರ ಪ್ಲೇಸ್ಟೇಷನ್ 4ರಿಂದ ಆ ಕಥೆ ಮುಗಿಯಿತು. ಅದರಲ್ಲೂ ಆ ವರ್ಷ ಬಂದ ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ ಕನ್ಸೋಲ್‌ನಲ್ಲೂ ಇದ್ದಿದ್ದು ಎಎಂಡಿ ಕಂಪನಿಯ ಚಿಪ್, ನಿಮ್ಮ ಪಿಸಿಯ ದಾಯಾದಿ. 2020ರ ಪ್ಲೇಸ್ಟೇಷನ್ 5ರಲ್ಲಿ ಎಎಂಡಿಯದ್ದೇ ಎಂಟು ಕೋರಿನ ಝೆನ್ 2 ಪ್ರೊಸೆಸರ್, ಚಿತ್ರ ಬಿಡಿಸುವ 36 ಘಟಕಗಳಿರುವ ಗ್ರಾಫಿಕ್ಸ್, ಎರಡಕ್ಕೂ ಸೇರಿ 16 ಜಿಬಿ ಮೆಮೊರಿ. ಹೆಚ್ಚು ಕಡಿಮೆ ಅದೇ ಗ್ರಾಫಿಕ್ಸ್ ಪಿಸಿ ಕಾರ್ಡಾಗಿ ರೇಡಿಯಾನ್ ಆರ್‌ಎಕ್ಸ್ 6700 ಅನ್ನುವ ಹೆಸರಲ್ಲಿ ಬಂತು. ಒಂದೇ ಹಿಟ್ಟು. ಒಬ್ಬರು ದೋಸೆ ಹುಯ್ದರು, ಇನ್ನೊಬ್ಬರು ಪಡ್ಡು ಮಾಡಿದರು.

ಹಿಟ್ಟು ಒಂದೇ ಆದರೆ ಪಡ್ಡು, ಅಂದರೆ ಕನ್ಸೋಲ್, ಯಾಕೆ ಅಷ್ಟು ಅಗ್ಗ? ಇದನ್ನು ಅರ್ಥ ಮಾಡಿಕೊಳ್ಳಲು ನಿಮ್ಮ ಬೀದಿಯ ಕೇಬಲ್‌ನವನನ್ನು ನೆನಪಿಸಿಕೊಳ್ಳಿ. ಸೆಟ್‌ಟಾಪ್ ಬಾಕ್ಸನ್ನು ಬಿಟ್ಟಿ ಬೆಲೆಗೆ ಕೊಟ್ಟು, ತಿಂಗಳು ತಿಂಗಳು ವಸೂಲಿಗೆ ಬರುತ್ತಾನೆ. ಕನ್ಸೋಲ್ ವ್ಯಾಪಾರವೂ ಅದೇ. 2021ರ ಮೇ ತಿಂಗಳಲ್ಲಿ ಆಟದ ಕಂಪನಿ ಎಪಿಕ್ ಮತ್ತು ಆಪಲ್ ನಡುವಿನ ಮೊಕದ್ದಮೆಯಲ್ಲಿ ಎಕ್ಸ್‌ಬಾಕ್ಸ್ ವಿಭಾಗದ ಲೋರಿ ರೈಟ್ ಅನ್ನುವವರು ಸಾಕ್ಷಿ ಹೇಳಿದರು. ಕನ್ಸೋಲ್ ಯಂತ್ರದ ಮಾರಾಟದಿಂದ ಮೈಕ್ರೋಸಾಫ್ಟ್‌ಗೆ ಯಾವತ್ತೂ ಲಾಭ ಬಂದಿಲ್ಲ ಅನ್ನುವುದು ಅವರ ಮಾತು. ಸೋನಿ ಕೂಡ ಮೊದಮೊದಲು ನಷ್ಟಕ್ಕೇ ಮಾರಿತು. ಡಿಸ್ಕ್ ಇರುವ ಮಾದರಿಯ ನಷ್ಟ ನಿಂತಿತು ಅಂತ 2021ರ ಆಗಸ್ಟ್‌ನಲ್ಲಿ ಹೇಳಿತು. ಹಾಗಾದರೆ ದುಡ್ಡು ಎಲ್ಲಿಂದ? ಅವರ ಅಂಗಡಿಯಲ್ಲಿ ನೀವು ಕೊಳ್ಳುವ ಪ್ರತಿ ಆಟದಲ್ಲೂ ಅವರಿಗೆ ಪಾಲಿದೆ, ಸಾಮಾನ್ಯವಾಗಿ ನೂರಕ್ಕೆ 30. ಮೇಲೆ ಆನ್‌ಲೈನ್ ಆಡಲು ಚಂದಾ. ಪಿಸಿ ಬಿಡಿಭಾಗ ಮಾಡುವವನಿಗೆ ಆ ಪಾಲಿಲ್ಲ. ಅವನ ಲಾಭ, ಸಾಗಿಸಿದವನ ಲಾಭ, ಬೆಂಗಳೂರಿನ ಎಸ್‌.ಪಿ. ರೋಡಿನವನ ಲಾಭ, ಕೊನೆಗೆ ನನ್ನ ಲಾಭ, ಎಲ್ಲ ಮೊದಲ ದಿನವೇ ನಿಮ್ಮ ಜೇಬಿನಿಂದ ಬರಬೇಕು. ನನ್ನದು ಅತಿ ಕಮ್ಮಿ, ನಂಬಿ.

ಇನ್ನು ಆಟ ಎಷ್ಟು ಚೆನ್ನಾಗಿ ಓಡುತ್ತದೆ ಅನ್ನುವ ವಿಷಯ. ಡಬ್ಬದ ಮೇಲೆ 4ಕೆ, 120 ಅಂತ ದಪ್ಪಕ್ಷರದಲ್ಲಿ ಹಾಕಿರುತ್ತಾರೆ. ಎರಡೂ ನಿಜ, ಆದರೆ ಒಟ್ಟಿಗೆ ಅಲ್ಲ. ನಮ್ಮ ಹಳೆ ಬಸ್ಸಿನಲ್ಲಿ 60 ಜನ ಕೂರಬಹುದು, ಗಂಟೆಗೆ 80 ಕಿ.ಮೀ. ಓಡಲೂಬಹುದು. ಆದರೆ 60 ಜನರನ್ನು ಹೊತ್ತು ಶಿರಾಡಿ ಘಾಟಿ ಹತ್ತುವಾಗ 80 ಎಲ್ಲಿಂದ ಬರುತ್ತೆ? 4ಕೆ ಅಂದರೆ ಸುಮಾರು 83 ಲಕ್ಷ ಚುಕ್ಕೆ. ಸಾಮಾನ್ಯ ಫುಲ್ ಎಚ್‌ಡಿ ಅಂದರೆ ಸುಮಾರು 21 ಲಕ್ಷ. ನಾಲ್ಕು ಪಟ್ಟು ಹೊರೆ. ಸೆಕೆಂಡಿಗೆ 60 ಚಿತ್ರ ಬೇಕು ಅಂದರೆ ಒಂದೊಂದು ಚಿತ್ರ ಬಿಡಿಸಲು ಯಂತ್ರಕ್ಕೆ ಸಿಗುವುದು 16.7 ಮಿಲಿಸೆಕೆಂಡ್. 120 ಬೇಕು ಅಂದರೆ 8.3. ಹಾಗಾಗಿ ಕನ್ಸೋಲ್‌ನ ದೊಡ್ಡ ಆಟಗಳಲ್ಲಿ ಸಾಮಾನ್ಯವಾಗಿ ಎರಡು ಬಗೆ ಇಟ್ಟಿರುತ್ತಾರೆ. ಚಿತ್ರ ಚೆಂದ ಇರಲಿ ಅಂದರೆ 30, ಓಟ ಸರಾಗವಾಗಿರಲಿ ಅಂದರೆ 60. ಎರಡನೆಯದರಲ್ಲಿ ಚುಕ್ಕೆ ಕಮ್ಮಿ ಮಾಡಿ, ಆಮೇಲೆ ಹಿಗ್ಗಿಸಿ ತೋರಿಸುತ್ತಾರೆ. ಪಿಸಿಯವರು ಇದನ್ನು ನೋಡಿ ನಗುತ್ತಾರೆ. ಆದರೆ ಡಿಎಲ್‌ಎಸ್‌ಎಸ್, ಎಫ್‌ಎಸ್‌ಆರ್ ಅಂತ ಅವರು ಆನ್ ಮಾಡಿಕೊಳ್ಳುವುದೂ ಇದೇ ಕಸುಬನ್ನೇ. ಅಲ್ವಾ?

ಪಿಸಿಯಲ್ಲಿ ಇದೆಲ್ಲ ನಿಮ್ಮ ಕೈಯಲ್ಲಿರುತ್ತದೆ. ನೆರಳು ಎಷ್ಟು, ಹುಲ್ಲು ಎಷ್ಟು, ದೂರದ ಮರ ಎಷ್ಟು ಅಂತ ಒಂದೊಂದನ್ನೇ ತಿರುಗಿಸಬಹುದು. ಕೆಲವರಿಗೆ ಅದೇ ಆಟ. ನನ್ನ ಗಿರಾಕಿ ಒಬ್ಬ ಮೂರು ಗಂಟೆ ಸೆಟ್ಟಿಂಗ್ ಬದಲಿಸಿ, ಹತ್ತು ನಿಮಿಷ ಆಡಿ, ಮಲಗುತ್ತಾನೆ. ಸುಖವಾಗಿದ್ದಾನೆ.

ಇಲ್ಲಿ ಟೀವಿ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಯಾಕಂದರೆ ಈ ಜಗಳದಲ್ಲಿ ಯಾರೂ ಟೀವಿಯನ್ನು ಲೆಕ್ಕಕ್ಕೆ ಇಡುವುದಿಲ್ಲ. ಚಿಕ್ಕಮಗಳೂರಿನಿಂದ ಒಬ್ಬ ಹುಡುಗ ಕನ್ಸೋಲ್ ಎತ್ತಿಕೊಂಡು ಬಂದ. "ಅಣ್ಣ, ಗುಂಡಿ ಒತ್ತಿದ ಮೇಲೆ ಆಮೇಲೆ ಯಾವಾಗಲೋ ಗುಂಡು ಹಾರುತ್ತೆ. ಪೀಸ್ ಡಿಫೆಕ್ಟ್ ಇರಬೇಕು." 60 ಕಿ.ಮೀ. ಬಸ್ಸಿನಲ್ಲಿ, ತೊಡೆಯ ಮೇಲೆ ಇಟ್ಟುಕೊಂಡು ತಂದಿದ್ದ. ನನ್ನ ಮಾನಿಟರಿಗೆ ಹಾಕಿದರೆ ಒತ್ತಿದ ತಕ್ಷಣ ಹಾರಿತು. ತಪ್ಪು ಅವನ ಮನೆಯ 43 ಇಂಚಿನ ಟೀವಿಯದ್ದು. ಸಿನಿಮಾ ಚೆಂದ ಕಾಣಲಿ ಅಂತ ಟೀವಿ ಪ್ರತಿ ಚಿತ್ರವನ್ನೂ ತಿದ್ದಿ ತೀಡಿ ಆಮೇಲೆ ತೋರಿಸುತ್ತದೆ. ಆ ಮೇಕಪ್ಪಿಗೆ ಹಿಡಿಯುವ ಸಮಯವೇ ಆ ತಡ. ಫೋನಿನಲ್ಲೇ ಅವನ ಅಕ್ಕನಿಗೆ ಹೇಳಿ, ಟೀವಿಯ ಮೆನುವಿನಲ್ಲಿ ಗೇಮ್ ಮೋಡ್ ಅಂತ ಇದ್ದಿದ್ದನ್ನು ಆನ್ ಮಾಡಿಸಿದೆ. ಅವನು ಊರಿಗೆ ಹೋಗಿ ಆಡಿ ನೋಡಿ ಮೆಸೇಜ್ ಹಾಕಿದ. ಸರಿಯಾಗಿತ್ತು. ನಾನು ಅದಕ್ಕೆ ದುಡ್ಡು ತಗೊಳ್ಳಲಿಲ್ಲ, ಕಾಫಿಪುಡಿ ಕಳಿಸಿದ.

ಟೀವಿಗೆ ಇನ್ನೊಂದು ತೊಂದರೆ ಇದೆ. ಸಂಜೆ ಏಳರಿಂದ ಹತ್ತರವರೆಗೆ ಅದು ನಿಮ್ಮದಲ್ಲ. ಧಾರಾವಾಹಿ ಇರುತ್ತೆ. ಅಜ್ಜಿ ಇದ್ದರೆ ಹತ್ತೂವರೆ. "ಮನೆಯಲ್ಲಿ ಟೀವಿ ಇದೆ, ಹಾಗಾಗಿ ಕನ್ಸೋಲ್ ಅಗ್ಗ" ಅನ್ನುವವರು ಈ ಮೂರು ಗಂಟೆಯನ್ನು ಮರೆಯುತ್ತಾರೆ. ಆಮೇಲೆ ಎರಡನೇ ಟೀವಿ ಬರುತ್ತದೆ. ಆ ಬಿಲ್ಲನ್ನು ಯಾರೂ ಕನ್ಸೋಲ್‌ನ ಖಾತೆಗೆ ಬರೆಯುವುದಿಲ್ಲ.

ಈಗ ಆವತ್ತಿನ ಬೆಲೆಗಳನ್ನೇ ಹಿಡಿದು ಐದು ವರ್ಷದ ಲೆಕ್ಕ ಹಾಕೋಣ. ಬೋರ್ಡ್ ಮೇಲೆ ಬರೆಯುತ್ತೇನೆ, ತಪ್ಪಿದ್ದರೆ ಹೇಳಿ. ಕನ್ಸೋಲ್ 55,000. ತಮ್ಮನ ಜೊತೆ ಆಡಲು ಇನ್ನೊಂದು ಕಂಟ್ರೋಲರ್, ಸುಮಾರು 6,000. ಆನ್‌ಲೈನ್ ಆಡುವ ಚಂದಾ ವರ್ಷಕ್ಕೆ 4,000 ಅಂತ ಇಟ್ಟುಕೊಂಡರೆ ಐದು ವರ್ಷಕ್ಕೆ 20,000. ಪುಕ್ಕಟೆ ಆಟಗಳನ್ನು ಮಾತ್ರ ಆಡುವವರಿಗೆ ಈ ಚಂದಾ ಬೇಕಿಲ್ಲ, ಅದು ನೆನಪಿರಲಿ. ಇಲ್ಲಿಗೆ 81,000. ಇನ್ನು ಆಟಗಳು. ದೊಡ್ಡ ಹೊಸ ಆಟ ಒಂದಕ್ಕೆ 5,000 ಹತ್ತಿರ. ವರ್ಷಕ್ಕೆ ಮೂರು ಕೊಂಡರೆ ಐದು ವರ್ಷಕ್ಕೆ 75,000. ಯಂತ್ರಕ್ಕಿಂತ ಆಟವೇ ದುಬಾರಿ! ಒಟ್ಟು 1,56,000.

ಆದರೆ ನೀವು ಹೀಗೆ ಕೊಳ್ಳುವವರಲ್ಲ, ನನಗೆ ಗೊತ್ತು. ಡಿಸ್ಕ್ ಕೈಯಿಂದ ಕೈಗೆ ಓಡಾಡುತ್ತದೆ. ಸೆಕೆಂಡ್ ಹ್ಯಾಂಡ್ ಡಿಸ್ಕ್ 2,000ಕ್ಕೆ ತಂದು, ಆಡಿ ಮುಗಿಸಿ, 1,500ಕ್ಕೆ ಕೊಟ್ಟರೆ ಒಂದು ಆಟಕ್ಕೆ ಬಿದ್ದಿದ್ದು 500. ಹದಿನೈದು ಆಟಕ್ಕೆ 7,500. ಆಗ ಒಟ್ಟು 88,500ಕ್ಕೆ ಇಳಿಯಿತು. ಆನ್‌ಲೈನ್ ಬೇಡ ಅನ್ನುವವನಿಗೆ 68,500. ಡಿಸ್ಕ್ ಗೀರದ ಹಾಗೆ ನೋಡಿಕೊಳ್ಳಬೇಕು, ಅಷ್ಟೆ. ಮಳೆಗಾಲದಲ್ಲಿ ಸಕಲೇಶಪುರ, ಮೂಡಿಗೆರೆ ಕಡೆಯಿಂದ ಬರುವ ಡಿಸ್ಕ್‌ಗಳ ಮೇಲೆ ಬೂಷ್ಟು ಹಿಡಿದಿರುತ್ತದೆ. ಮೆತ್ತನೆ ಬಟ್ಟೆಯಲ್ಲಿ ಒಳಗಿನಿಂದ ಹೊರಗೆ ನೇರ ಒರೆಸಿ. ಸುತ್ತ ಉಜ್ಜಬೇಡಿ.

ಅದಕ್ಕೇ ಡಿಸ್ಕ್ ಹಾಕಲು ಬರದ ಡಿಜಿಟಲ್ ಮಾದರಿ ಕೇಳಿಕೊಂಡು ಬರುವವರಿಗೆ ನಾನು ಬೇಡ ಅನ್ನುತ್ತೇನೆ. ಆವತ್ತು ಅದರ ಬೆಲೆ 44,990. ಹತ್ತು ಸಾವಿರ ಉಳಿಯಿತು ಅನ್ನಿಸುತ್ತದೆ. ಆದರೆ ಡಿಸ್ಕ್ ಡ್ರೈವನ್ನು ಬೇರೆಯಾಗಿ ಕೊಂಡು ಜೋಡಿಸದಿದ್ದರೆ, ಆಮೇಲೆ ಐದು ವರ್ಷ ಒಂದೇ ಅಂಗಡಿಯಲ್ಲಿ, ಅವರು ಹೇಳಿದ ಬೆಲೆಗೇ ಕೊಳ್ಳಬೇಕು. ಕೊಂಡಿದ್ದನ್ನು ಮಾರುವ ಹಾಗೂ ಇಲ್ಲ. ಸಂತೆಗೆ ಹೋಗುವ ದಾರಿಯನ್ನೇ ಮುಚ್ಚಿಕೊಂಡ ಹಾಗೆ.

ಪಿಸಿಯ ಕಡೆ 80,000ದಿಂದ ಶುರು. ಆನ್‌ಲೈನ್ ಚಂದಾ ಇಲ್ಲ. ಆಟ ಮಾರುವ ಸ್ಟೀಮ್ ಅಂಗಡಿ 2003ರಿಂದ ಇದೆ. 2015ರ ನವೆಂಬರ್‌ನಿಂದ ರೂಪಾಯಿಯಲ್ಲೇ ಬೆಲೆ ಹಾಕುತ್ತಿದೆ. ಹಬ್ಬದ ಸೇಲ್ ಬಂದಾಗ ಎರಡು ಮೂರು ವರ್ಷ ಹಳೆಯ ಆಟ ಅರ್ಧಕ್ಕೂ ಕಮ್ಮಿಗೆ ಸಿಗುತ್ತದೆ. ಎಪಿಕ್‌ನವರು 2018ರ ಡಿಸೆಂಬರ್‌ನಿಂದ ಪುಕ್ಕಟೆ ಆಟ ಹಂಚುತ್ತಿದ್ದಾರೆ. 2020ರ ಮೇನಲ್ಲಿ ಜಿಟಿಎ 5 ಕೊಟ್ಟಾಗ ಜನ ಮುಗಿಬಿದ್ದು ಅವರ ಸೈಟೇ ಮಲಗಿತ್ತು. ಲಾಕ್‌ಡೌನ್ ಸಮಯ, ನಿಮಗೆ ನೆನಪಿರಬೇಕು. ಹಾಗಾಗಿ ಕಾಯುವವನಿಗೆ ಆಟಕ್ಕೆ ಸರಾಸರಿ 1,000, 1,500 ಸಾಕು. ಹದಿನೈದು ಆಟಕ್ಕೆ 22,500 ಅಂತಲೇ ಇಡಿ. ಒಟ್ಟು 1,02,500. ಆದರೆ ಇಲ್ಲಿ ಕೊಂಡಿದ್ದು ನಿಮ್ಮ ಅಕೌಂಟಿಗೆ ಅಂಟಿಕೊಳ್ಳುತ್ತದೆ. ಗೆಳೆಯನಿಗೆ ಮಾರಲು ಆಗುವುದಿಲ್ಲ. ಕಾಯುವ ತಾಳ್ಮೆಯೂ ಬೇಕು. ಜಿಟಿಎ 5 ಕನ್ಸೋಲ್‌ಗೆ ಬಂದಿದ್ದು 2013ರ ಸೆಪ್ಟೆಂಬರ್‌ನಲ್ಲಿ, ಪಿಸಿಗೆ ಬಂದಿದ್ದು 2015ರ ಏಪ್ರಿಲ್‌ನಲ್ಲಿ. ಒಂದೂವರೆ ವರ್ಷ ಪಿಸಿಯವರು ಕಿಟಕಿಯಲ್ಲಿ ನೋಡುತ್ತಾ ನಿಂತಿದ್ದರು.

ಇದೇ ಬೋರ್ಡಿನಲ್ಲಿ ಒಂದೇ ಕನ್ಸೋಲ್ 68,500ನೂ ಆಯಿತು, 1,56,000ನೂ ಆಯಿತು. ಯಂತ್ರ ಬದಲಾಗಲಿಲ್ಲ, ಆಡುವವನು ಬದಲಾದ. "ಯಾವುದು ಅಗ್ಗ" ಅಂತ ಬರಿದೇ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ.

ಇನ್ನೊಂದು ವಿಷಯ ಇದೆ, ಮೇಷ್ಟ್ರುಗಳು ಇಲ್ಲೇ ಕೂತಿದ್ದರೂ ಹೇಳಿಬಿಡುತ್ತೇನೆ. ನಮ್ಮೂರಲ್ಲಿ "ಪಿಸಿಯಲ್ಲಿ ಆಟಕ್ಕೆ ದುಡ್ಡೇ ಬೇಡ" ಅನ್ನುವವರು ಹೇಳುತ್ತಿರುವುದು ಕ್ರ್ಯಾಕ್ ಬಗ್ಗೆ. ಕದ್ದ ಆಟ. ಸರಿ ತಪ್ಪು ನಿಮಗೇ ಗೊತ್ತಿದೆ, ನಾನು ಪ್ರವಚನ ಮಾಡುವುದಿಲ್ಲ. ಅಂಗಡಿಯ ಅನುಭವ ಹೇಳುತ್ತೇನೆ. ಕ್ರ್ಯಾಕ್ ಹಾಕಲು ಮೊದಲು ಆಂಟಿವೈರಸ್ ಆಫ್ ಮಾಡಿ ಅಂತಾರೆ. ಮಾಡುತ್ತೀರಿ. ಮುಂದಿನ ವಾರ ಅದೇ ಪಿಸಿಯಲ್ಲಿ ಅಪ್ಪನ ಬ್ಯಾಂಕ್ ಖಾತೆ ತೆಗೆಯುತ್ತೀರಿ. ಒಬ್ಬ ಹುಡುಗಿ ತನ್ನ ಪ್ರಾಜೆಕ್ಟ್ ರಿಪೋರ್ಟೂ ಅಣ್ಣನ ಮದುವೆ ಫೋಟೋಗಳೂ ವೈರಸ್‌ನಿಂದ ಲಾಕ್ ಆಗಿದ್ದ ಹಾರ್ಡ್ ಡಿಸ್ಕ್ ತಂದಿದ್ದಳು. ತಮ್ಮ ಯಾವುದೋ ಫುಟ್ಬಾಲ್ ಆಟದ ಕ್ರ್ಯಾಕ್ ಇಳಿಸಿದ್ದನಂತೆ. ನನ್ನಿಂದ ಒಂದು ಫೋಟೋ ಕೂಡ ತೆಗೆಯಲು ಆಗಲಿಲ್ಲ.

ಈಗ ಕರೆಂಟಿಗೆ ಬರೋಣ. ಮಲೆನಾಡಿನವರಿಗೆ ಇದು ಪಠ್ಯದ ಹೊರಗಿನ ಪಾಠ ಅಲ್ಲ, ಪಠ್ಯವೇ. ಪ್ಲೇಸ್ಟೇಷನ್ 5 ದೊಡ್ಡ ಆಟ ಆಡುವಾಗ ಟೀವಿ ಬಿಟ್ಟು ಸುಮಾರು 200 ವಾಟ್ ಎಳೆಯುತ್ತದೆ. ನಾನು ಹೇಳಿದ ಪಿಸಿ ಮಾನಿಟರ್ ಸೇರಿ 300 ವಾಟ್ ಹತ್ತಿರ ಅನ್ನಿ. ದಿನಕ್ಕೆ ಮೂರು ಗಂಟೆ ಆಡಿದರೆ ತಿಂಗಳಿಗೆ ಕನ್ಸೋಲ್‌ಗೆ 18 ಯೂನಿಟ್, ಪಿಸಿಗೆ 27. ಯೂನಿಟ್‌ಗೆ ಆರು ರೂಪಾಯಿ ಆಸುಪಾಸು ಹಿಡಿದರೆ ನೂರು, ನೂರೈವತ್ತರ ಮಾತು. ಏನೂ ಅಲ್ಲ ಅನ್ನಿಸುತ್ತದೆ. ಆದರೆ ಮನೆಯಲ್ಲಿ ಗೃಹಜ್ಯೋತಿ ಇದೆ ಅಲ್ವಾ? 2022-23ರಲ್ಲಿ ನಿಮ್ಮ ಮನೆ ಸರಾಸರಿ ಎಷ್ಟು ಬಳಸಿತ್ತೋ ಅದರ ಮೇಲೆ ನೂರಕ್ಕೆ ಹತ್ತು ಸೇರಿಸಿ, ಅಷ್ಟು ಪುಕ್ಕಟೆ ಅಂತ ಲೆಕ್ಕ ಶುರುವಾಗಿದ್ದು. ಅದನ್ನು ಮೀರಿದರೆ ಮೀರಿದ್ದಕ್ಕೆ ಕಟ್ಟಬೇಕು. 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲೇ ಕಟ್ಟಬೇಕು. 180ರಲ್ಲಿ ನಿಂತಿರುವ ಮನೆಗೆ ಕನ್ಸೋಲ್ 198 ಮಾಡುತ್ತದೆ, ಪಿಸಿ 207 ಮಾಡುತ್ತದೆ. ಆ ಒಂಬತ್ತು ಯೂನಿಟ್‌ನಿಂದ ಸಾವಿರದ ಇನ್ನೂರು ರೂಪಾಯಿಗೂ ಮೇಲೆ ಬಿಲ್ಲು ಬಂದಾಗ ಅಮ್ಮ ಗ್ರಾಫಿಕ್ಸ್ ನೋಡುವುದಿಲ್ಲ, ಪ್ಲಗ್ ನೋಡುತ್ತಾರೆ.

ಬಿಲ್ಲಿಗಿಂತ ದೊಡ್ಡದು ಸಿಡಿಲು. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯ ಮಾರನೇ ದಿನ ನನ್ನ ಅಂಗಡಿ ಮುಂದೆ ಕ್ಯೂ. ಮೊದಲು ಹೋಗುವುದು ರೌಟರ್. ಅದರಿಂದ ಲ್ಯಾನ್ ಕೇಬಲ್ ಹಿಡಿದು ಬಂದು ಬೋರ್ಡಿನ ಲ್ಯಾನ್ ಪೋರ್ಟ್. ಕೆಲವು ಸಲ ಕೇಬಲ್ ಟೀವಿ ವೈರಿನಿಂದ ಟೀವಿಗೆ, ಟೀವಿಯಿಂದ ಎಚ್‌ಡಿಎಂಐ ದಾರಿಯಲ್ಲಿ ಕನ್ಸೋಲ್‌ಗೆ. ಸ್ವಿಚ್ ಆಫ್ ಮಾಡಿದ್ದೆ ಅಣ್ಣ ಅಂತಾರೆ. ಸ್ವಿಚ್ ಅಲ್ಲ, ವೈರ್ ಕೀಳಬೇಕು. ಪಿಸಿಗೆ ಹೊಡೆದರೆ 4,500ರ ಎಸ್‌ಎಂಪಿಎಸ್ ಬದಲಿಸಿ ಸಂಜೆಗೆ ಕೊಡುತ್ತೇನೆ. ಅದೃಷ್ಟ ಕೆಟ್ಟಿದ್ದರೆ ಬೋರ್ಡೂ ಹೋಗಿರುತ್ತದೆ, ಆದರೂ ಮಿಕ್ಕಿದ್ದು ಉಳಿಯುತ್ತದೆ. ಕನ್ಸೋಲ್‌ನಲ್ಲಿ ಪವರ್ ಸಪ್ಲೈ ಬಿಟ್ಟರೆ ಮಿಕ್ಕಿದ್ದು ಹೆಚ್ಚು ಕಡಿಮೆ ಒಂದೇ ಬೋರ್ಡ್. ಎಚ್‌ಡಿಎಂಐ ಪೋರ್ಟ್ ನಾನೇ ಬೆಸೆಯುತ್ತೇನೆ. ಅದರಾಚೆ ಹೋದರೆ ಪಾರ್ಸೆಲ್ ಮಾಡಿ ಬೆಂಗಳೂರಿಗೆ ಕಳಿಸಿ, ಕಾಯುವುದು.

ಜಿರಲೆಯ ವಿಷಯವನ್ನೂ ಹೇಳಿಬಿಡುತ್ತೇನೆ, ಊಟ ಆಗಿದೆ ತಾನೆ? ಪ್ಲೇಸ್ಟೇಷನ್ 4ರ ಪವರ್ ಸಪ್ಲೈ ಒಳಗೇ ಇದೆ, ಗಾಳಿಯ ಕಿಂಡಿ ಅಗಲ, ಸದಾ ಬೆಚ್ಚಗೆ. ಜುಲೈ ತಿಂಗಳ ಥಂಡಿಯಲ್ಲಿ ಜಿರಲೆಗೆ ಅದಕ್ಕಿಂತ ಒಳ್ಳೆಯ ಮನೆ ಎಲ್ಲಿದೆ? ಒಂದನ್ನು ಬಿಚ್ಚಿದಾಗ ಒಳಗೆ ಮೂರು ತಲೆಮಾರು ಸಂಸಾರ ಹೂಡಿದ್ದವು. ಯಂತ್ರ ಕೆಟ್ಟಿದ್ದು ಒಂದು ಜಿರಲೆ ಎರಡು ಕಾಲಿಗೆ ಅಡ್ಡ ಬಿದ್ದು ಶಾರ್ಟ್ ಆಗಿ. ಎರಡು ಕಾಲು ಅಂದರೆ ಚಿಪ್ಪಿನ ಕಾಲು, ಜಿರಲೆಯದ್ದಲ್ಲ. ಅಡುಗೆಮನೆ ಗೋಡೆಗೆ ಹತ್ತಿರ ಕನ್ಸೋಲ್ ಇಡಬೇಡಿ.

ನಾನೂ ಟೋಪಿ ಹಾಕಿಸಿಕೊಂಡವನೇ. 2021ರಲ್ಲಿ ಗ್ರಾಫಿಕ್ಸ್ ಕಾರ್ಡ್‌ಗೆ ಬರ ಬಂದಿತ್ತು. ಕಾರ್ಖಾನೆಗಳಲ್ಲಿ ಚಿಪ್ಪಿಲ್ಲ, ಇದ್ದ ಕಾರ್ಡುಗಳನ್ನು, ಹಗಲೂ ರಾತ್ರಿ ಅವನ್ನು ಓಡಿಸಿ ಕ್ರಿಪ್ಟೋ ನಾಣ್ಯ ಅಗೆಯುವವರು ಬಾಚಿಕೊಂಡಿದ್ದರು. 2022ರ ಸೆಪ್ಟೆಂಬರ್ 15ಕ್ಕೆ ಇಥೀರಿಯಂ ಅನ್ನುವ ಆ ಥರದ ನಾಣ್ಯ ತನ್ನ ಪದ್ಧತಿ ಬದಲಿಸಿತು, ಅದಕ್ಕೆ ಕಾರ್ಡಿನ ಕೆಲಸವೇ ಬೇಡವಾಯಿತು. ಅಗೆದು ಸುಸ್ತಾದ ಕಾರ್ಡುಗಳೆಲ್ಲ ಮಾರುಕಟ್ಟೆಗೆ ಬಂದವು. ಬೆಂಗಳೂರಿನ ಒಬ್ಬ ವ್ಯಾಪಾರಿಯಿಂದ "ಆರು ತಿಂಗಳು ಆಡಿದ್ದು ಅಷ್ಟೇ" ಅಂತ ಒಂದನ್ನು ನನಗಾಗಿಯೇ ತಂದೆ. ಎಂಟು ಸಾವಿರ ಉಳಿಯಿತು ಅಂತ ಮನೆಯಲ್ಲಿ ಹೇಳಿಕೊಂಡೆ. ಮೂರನೇ ತಿಂಗಳು ಪರದೆ ತುಂಬ ಹಸಿರು ಚುಕ್ಕೆ, ಆಮೇಲೆ ಕತ್ತಲು. ಬಿಚ್ಚಿದರೆ ಚಿಪ್ಪಿನ ಬಿಸಿ ಹೊರಗೆ ದಾಟಿಸುವ ಥರ್ಮಲ್ ಪ್ಯಾಡ್‌ಗಳು ಒಣಗಿದ ಹಲಸಿನ ಹಪ್ಪಳದ ಹಾಗೆ ಪುಡಿಪುಡಿ. ಇಪ್ಪತ್ತು ವರ್ಷದಿಂದ ಇದೇ ಕಸುಬು ಮಾಡುವವನು ತರುವ ಮೊದಲು ಬಿಚ್ಚಿ ನೋಡಲಿಲ್ಲ. ಹೆಂಡತಿ ಈಗಲೂ ಅದನ್ನು ಎಂಟು ಸಾವಿರದ ಶೋಪೀಸ್ ಅನ್ನುತ್ತಾಳೆ.

ಈಗಿನ ಬರ ರ್‍ಯಾಮ್‌ನದ್ದು. ಎಐ ಡೇಟಾ ಸೆಂಟರ್‌ಗಳಿಗೆ ಮೆಮೊರಿ ಚಿಪ್ ಹರಿದು ಹೋಗುತ್ತಿದೆ. 2025ರ ಡಿಸೆಂಬರ್‌ನಲ್ಲಿ ಮೈಕ್ರಾನ್ ಕಂಪನಿ ಜನಸಾಮಾನ್ಯರಿಗೆ ಮಾರುತ್ತಿದ್ದ ಕ್ರೂಷಿಯಲ್ ಬ್ರ್ಯಾಂಡನ್ನೇ ಮುಚ್ಚುತ್ತೇವೆ ಅಂದಿತು. ರೈಟರ್ ಅವರಿಗೆ 3,500ಕ್ಕೆ ಕೊಟ್ಟ ರ್‍ಯಾಮ್ ಆರು ತಿಂಗಳಲ್ಲಿ ಎರಡು ಪಟ್ಟು ದಾಟಿತು. ನಾನೀಗ ಕೊಟೇಷನ್ ಕೆಳಗೆ "ಈ ಬೆಲೆ ಇವತ್ತಿಗೆ ಮಾತ್ರ" ಅಂತ ಬರೆಯುತ್ತೇನೆ, ಚಿನ್ನದಂಗಡಿಯವರ ಹಾಗೆ. ಕನ್ಸೋಲ್ ಕಡೆಯೂ ಹಳೆಯ ನಿಯಮ ಮುರಿದಿದೆ. ಮೊದಲೆಲ್ಲ ವರ್ಷ ಕಳೆದ ಹಾಗೆ ಕನ್ಸೋಲ್ ಬೆಲೆ ಇಳಿಯುತ್ತಿತ್ತು. ಪ್ಲೇಸ್ಟೇಷನ್ 5 ಭಾರತಕ್ಕೆ 2021ರ ಫೆಬ್ರವರಿಯಲ್ಲಿ 49,990ಕ್ಕೆ ಬಂತು, ಮುಂದಿನ ವರ್ಷವೇ 54,990 ಆಯಿತು. ಹೆಚ್ಚು ಶಕ್ತಿಯ ಪ್ರೊ ಮಾದರಿ 2024ರ ನವೆಂಬರ್‌ನಲ್ಲಿ ಬೇರೆ ದೇಶಗಳಲ್ಲಿ ಬಂದಾಗ ನಮಗೆ ಬರಲೇ ಇಲ್ಲ. ಅದರ ವೈಫೈಗೆ ಬೇಕಾದ 6 ಗಿಗಾಹರ್ಟ್ಸ್ ತರಂಗಕ್ಕೆ ಆಗ ಇಲ್ಲಿ ಅನುಮತಿ ಇರಲಿಲ್ಲ.

ಗೇಮಿಂಗ್ ಲ್ಯಾಪ್‌ಟಾಪ್ ಬಗ್ಗೆ ಕೇಳುತ್ತೀರಿ ಅಂತ ಗೊತ್ತು. ಎರಡೇ ಮಾತು. ಹಾಸ್ಟೆಲ್‌ನಲ್ಲಿರುವವನಿಗೆ ಅದು ಬಿಟ್ಟು ಗತಿಯಿಲ್ಲ, ತಗೊಳ್ಳಿ. ಆದರೆ ಹಾಸಿಗೆ ಮೇಲೆ ಇಟ್ಟು ಆಡಬೇಡಿ. ನನ್ನ ಶೆಲ್ಫಿನಲ್ಲಿರುವ ಲ್ಯಾಪ್‌ಟಾಪ್‌ಗಳಲ್ಲಿ ಅರ್ಧ ಸತ್ತಿದ್ದು ಕಂಬಳಿಯ ನೂಲು ಫ್ಯಾನಿಗೆ ಸುತ್ತಿ.

ಆಮೇಲೆ ಪ್ರಶ್ನೆಗಳು ಬಂದವು. ಒಬ್ಬ ಹುಡುಗ ಎದ್ದು, "ಸರ್, ಇನ್ನು ಮುಂದೆ ಎಲ್ಲ ಕ್ಲೌಡ್ ಗೇಮಿಂಗ್ ಅಂತಾರಲ್ಲ, ಡಬ್ಬಾನೇ ಬೇಡ ಅಲ್ವಾ?" ಅಂದ. ಕ್ಲೌಡ್ ಅಂದರೆ ಆಟ ದೂರದ ಸರ್ವರ್‌ನಲ್ಲಿ ಓಡುತ್ತದೆ, ಚಿತ್ರ ಮಾತ್ರ ಇಂಟರ್ನೆಟ್‌ನಲ್ಲಿ ನಮ್ಮ ಪರದೆಗೆ ಬರುತ್ತದೆ. ಅವನಿಗೆ ನಾನು ಕೇಳಿದೆ, ನಮ್ಮ ಸಾಲಗಾಮೆ ರಸ್ತೆಯಲ್ಲಿ ಎಂಸಿಎಫ್ ಇದೆಯಲ್ಲ, ಇಸ್ರೋದವರ ಉಪಗ್ರಹ ನಿಯಂತ್ರಣ ಕೇಂದ್ರ, ಅಲ್ಲಿಂದ ಉಪಗ್ರಹಕ್ಕೆ ಹೋಗಿ ಬರಲು ಸಿಗ್ನಲ್‌ಗೆ ಎಷ್ಟು ಹೊತ್ತು? 36,000 ಕಿ.ಮೀ. ಮೇಲೆ, ಮತ್ತೆ ಅಷ್ಟೇ ಕೆಳಗೆ. ಬೆಳಕಿನ ವೇಗದಲ್ಲೇ ಹೋದರೂ ಕಾಲು ಸೆಕೆಂಡ್. ಅಷ್ಟರಲ್ಲಿ, ಸೆಕೆಂಡಿಗೆ 60ರ ಲೆಕ್ಕದಲ್ಲಿ, ನಿಮ್ಮ ಆಟ ಹದಿನಾಲ್ಕು ಚಿತ್ರ ಮುಂದೆ ಹೋಗಿರುತ್ತದೆ. ಕ್ಲೌಡ್ ಗೇಮ್ ಬರುವುದು ಫೈಬರ್ ಕೇಬಲ್‌ನಲ್ಲಿ, ಅಷ್ಟು ತಡ ಇಲ್ಲ. ನನ್ನ ಅಂಗಡಿಯ ಕನೆಕ್ಷನ್‌ನಲ್ಲಿ ಮುಂಬೈ ಸರ್ವರ್‌ಗೆ 35 ಮಿಲಿಸೆಕೆಂಡ್ ಆಸುಪಾಸು ತೋರಿಸುತ್ತದೆ. ಬಿಸಿಲಿದ್ದ ದಿನ. ಮರ ಬಿದ್ದು ಕೇಬಲ್ ಹರಿದ ದಿನ ಕ್ಲೌಡೂ ಇಲ್ಲ, ಗೇಮೂ ಇಲ್ಲ. ತೋಟದ ಕಡೆಯವರು ಇನ್ನೂ ಸ್ವಲ್ಪ ವರ್ಷ ಡಬ್ಬವನ್ನೇ ನಂಬಿ.

ಹಿಂದಿನ ಬೆಂಚಿನಿಂದ ಒಬ್ಬಳು ಕೇಳಿದಳು. "ಸರ್, ಆ ರೈಟರ್ ಮಗನ ಕಥೆ ಅರ್ಧಕ್ಕೆ ಬಿಟ್ರಿ."

ಬಿಟ್ಟಿದ್ದೆ, ಹೌದು. ನಾನು ಅವರಿಗೆ ಎಲ್ಲ ಹೇಳಿದ್ದೆ, ಕೋರ್ ಎಷ್ಟು, ಚುಕ್ಕೆ ಎಷ್ಟು, ಎಷ್ಟು ವರ್ಷ ಬಾಳಿಕೆ. ಕೇಳಬೇಕಾದ ಒಂದನ್ನು ಕೇಳಿರಲಿಲ್ಲ. ಹುಡುಗ ಮುಂದೆ ಎಲ್ಲಿ ಓದುತ್ತಾನೆ? ಆಗಸ್ಟ್‌ನಲ್ಲಿ ಅವನಿಗೆ ಮಂಗಳೂರಿನಲ್ಲಿ ಸೀಟು ಸಿಕ್ಕಿತು, ಹಾಸ್ಟೆಲ್ ಸೇರಿದ. ಹನ್ನೆರಡು ಕೆ.ಜಿ.ಯ ಕ್ಯಾಬಿನೆಟ್ಟು, ಮಾನಿಟರು, ಯುಪಿಎಸ್ಸು ಎಲ್ಲ ತೋಟದ ಮನೆಯಲ್ಲೇ ಉಳಿದವು. ದಸರಾ ರಜೆಗೆ ಬಂದವನು ನಾಲ್ಕು ದಿನ ಆಡಿದ. ಅದರಲ್ಲಿ ಎರಡು ದಿನ ಕರೆಂಟ್ ಇರಲಿಲ್ಲ.

ಜನವರಿಯಲ್ಲಿ ಅಪ್ಪ ಒಬ್ಬರೇ ಕ್ಯಾಬಿನೆಟ್ಟನ್ನು ಗೋಣಿಚೀಲದಲ್ಲಿ ಸುತ್ತಿ ಜೀಪಿನಲ್ಲಿ ತಂದರು. ಕೊಯ್ಲಿನ ಸಮಯ. ಆಳುಗಳ ಚೆಕ್‌ರೋಲನ್ನು, ಅಂದರೆ ಹಾಜರಿ ಪಟ್ಟಿಯನ್ನು, ಅದರಲ್ಲೇ ಬರೆಯಲು ಶುರು ಮಾಡಿದ್ದರು, ಹೆಸರುಗಳನ್ನು ಕನ್ನಡದಲ್ಲಿ ಹೊಡೆಯಲು ಬರುತ್ತಿರಲಿಲ್ಲ. ನುಡಿ ಸಾಫ್ಟ್‌ವೇರ್ ಹಾಕಿಕೊಟ್ಟೆ. ಅವರು ಕ್ಯಾಬಿನೆಟ್ಟಿನ ಗಾಜಿನ ಬಾಗಿಲಿಗೆ ಕಣ್ಣಿಟ್ಟು ಬಗ್ಗಿ ನೋಡುತ್ತಿದ್ದರು.

"ಆ ದೊಡ್ಡ ಕಾರ್ಡಿನ ಫ್ಯಾನ್ ಒಂದು ದಿನವೂ ತಿರುಗಿದ್ದು ನೋಡಿಲ್ಲ ಸ್ವಾಮಿ. ಕೆಟ್ಟಿದೆಯಾ?"

"ಇಲ್ಲ ಸಾರ್," ಅಂದೆ. "ಅದು ಬಿಸಿಯಾದರೆ ಮಾತ್ರ ತಿರುಗೋದು."